ಗಡಿ ದಾಟಿದ ತೌಡಿನ ಚೀಲ

ನಮ್ಮ ಮಗಳು ನಮ್ಮ ಮನೆಗೆ ಬಂದ ಬಗೆಯನ್ನು ಬಂಧುಗಳು ಎರಡು ರೀತಿಯಲ್ಲಿ ಹೇಳುತ್ತಾರೆ. ಮಗು ನನ್ನನ್ನು ಕಂಡೊಡನೆ ಓಡಿಬಂದು ಮಡಿಲೇರಿತು, ರಕ್ತ ರಕ್ತವನ್ನು ಗುರುತಿಸಿತು ಎನ್ನುವುದು ಪಾಂಡವಪುರದ ನೆಂಟರ ಕಥೆ. ತೌಡಿಗೆ ಕೊಂಡದ್ದರಿಂದಲೇ ಕೂಸು ದಕ್ಕಿತು ಎನ್ನುವುದು ದೇವಲಾಪುರಕ್ಕೆ ಕೊಟ್ಟಿರುವ ನನ್ನ ಅಕ್ಕನ ಕಥೆ. ಶ್ರೀರಂಗಪಟ್ಟಣದ ಗೈಡೊಬ್ಬ ಕೋಟೆಯಿಂದ ಮೈಸೂರಿಗೆ ಸುರಂಗವಿದೆ ಎಂದಾಗ, ಅದರ ಬಾಯಿ ಎಲ್ಲಿದೆ ತೋರಿಸಪ್ಪ ಎಂದು ಕೇಳಿ ಬೈಸಿಕೊಂಡವನು ನಾನು. ಶಾಲೆಯನ್ನು ಬೇಗ ಬಿಟ್ಟವನು, ಮಿಕ್ಕಿದ್ದನ್ನು ಓದಿಯೂ ವಾದಿಸಿಯೂ ಕಲಿತವನು. ಈ ಎರಡು ಕಥೆ ಹೇಳುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ನಾನಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ವೆಲ್ಡಿಂಗ್ ಕೆಲಸದ ನನ್ನ ತಮ್ಮ ಕಂಟ್ರಾಕ್ಟರನೊಬ್ಬನ ತಂಡದ ಜೊತೆ ನೇಪಾಳದ ಬೆಟ್ಟಗಳಿಗೆ ಹೋದವನು ಅಲ್ಲಿಯವಳನ್ನೇ ಮದುವೆಯಾಗಿ ನಿಂತುಬಿಟ್ಟಿದ್ದ. ಹೆರಿಗೆಯಲ್ಲಿ ಅವಳು ತೀರಿಕೊಂಡಳು. ಕೆಲಕಾಲದ ಮೇಲೆ ಜ್ವರದಲ್ಲಿ ಅವನೂ. ಹೆಣ್ಣುಮಗು ತಾಯಿಯ ತಾಯಿಯ ಬಳಿ ಉಳಿಯಿತು. ನಮಗೆ ಮಕ್ಕಳಿರಲಿಲ್ಲ. ದತ್ತಕದ ಕಾಗದಪತ್ರಗಳೆಲ್ಲ ಎರಡೂ ಕಡೆ ಮುಗಿದ ಮೇಲೆ ಆ ಅಜ್ಜಿ ಒಂದೇ ಷರತ್ತು ಹೇಳಿಕಳಿಸಿದಳು: ಮಗು ತಾನಾಗಿ ನಿಮ್ಮ ಕೈ ಹಿಡಿದರೆ ಕಳಿಸುತ್ತೇನೆ, ಅಳುವ ಮಗುವನ್ನು ಕಳಿಸಲಾರೆ.

ಹೊರಡುವ ಮುನ್ನ ಅಕ್ಕ ತೌಡಿನ ಚೀಲ ಹಿಡಿದುಕೊಂಡು ಬಂದಳು. ಹೆತ್ತವರನ್ನು ಕಳೆದುಕೊಂಡ ಕೂಸನ್ನು ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡರೆ, ಅದರ ಹಿಂದಿನ ಪೀಡೆ ಮಾರಿದವರ ಹೊಸಿಲಲ್ಲೇ ಉಳಿಯುತ್ತದೆ ಎಂಬುದು ನಮ್ಮ ಹಳೆಯ ಹೆಂಗಸರ ನಂಬಿಕೆ.

"ತೌಡು ಅಲ್ಲಿ ಸಿಕ್ಕಲ್ವಾ ಅಕ್ಕ?" ಎಂದೆ.

"ನಮ್ಮನೆ ತೌಡೇ ಆಗ್ಬೇಕು ಕಣ್ಲಾ. ಕಂಡೋರ್ ಮನೆ ತೌಡ್ಗೆ ಕೂಸು ಕೊಂಡ್ರೆ ಅದು ಕಂಡೋರ್ ಕೂಸೇ ಆಗೋದು."

"ಇದನ್ನ ಯಾವ ಪುಸ್ತಕದಲ್ಲಿ ಬರ್ದವ್ರೆ?"

"ನೀನ್ ಓದ್ದೇ ಇರೋ ಪುಸ್ತಕದಲ್ಲಿ. ಒತ್ಕೊಂಡು ನಡಿ ಸುಮ್ಕೆ."

ಹೆಂಡತಿ ಚೀಲವನ್ನು ಟ್ರಂಕಿನ ಪಕ್ಕ ಇಟ್ಟುಕೊಂಡಳು. ಅಕ್ಕಿಹೆಬ್ಬಾಳಿನ ಸ್ಟೇಷನ್ನಿಗೆ ಬೀಳ್ಕೊಡಲು ಬಂದಿದ್ದ ಗೆಳೆಯನಿಗೆ ಬೇರೆಯದೇ ಅನುಮಾನ. "ಪಾಸ್‌ಪೋರ್ಟು ಇಲ್ಲ, ಇಮಾನ ಇಲ್ಲ. ಇದ್ಯಾವ ಸೀಮೆ ಫಾರಿನ್ನು ಕಣ್ಲಾ? ಕೆ.ಆರ್. ಪೇಟೆ ಸಂತೆಗೆ ಓದಂಗೆ ಓಯ್ತಾ ಇದ್ದೀಯಲ್ಲ."

ರೈಲಿನ ಮೇಲೆ ರೈಲು, ಆಮೇಲೆ ಬಸ್ಸು. ಗಡಿಯಲ್ಲಿ ಪೋಲೀಸಿನವನೊಬ್ಬ ಚೀಲದೊಳಗೆ ಮೊಳಕೈವರೆಗೆ ತೋಳು ಇಳಿಸಿ ಹುಡುಕಿದ. ತೌಡಿನೊಳಗೆ ತೌಡೇ ಸಿಕ್ಕಿತು. ಅವನು ನಮ್ಮನ್ನು ನೋಡಿದ ನೋಟವನ್ನು ಹೆಂಡತಿ ಇಂದಿಗೂ ನಟಿಸಿ ತೋರಿಸುತ್ತಾಳೆ.

ಅಜ್ಜಿಯ ಮನೆ ಬೆಟ್ಟದ ಮೆಟ್ಟಿಲುಗದ್ದೆಗಳ ನಡುವೆ ಇತ್ತು. ನಮಗೆ ಸಿಕ್ಕ ದುಭಾಷಿ ಪಕ್ಕದ ಮನೆಯವನು. ದಿಲ್ಲಿಯಲ್ಲಿ ಕಾವಲು ಕೆಲಸ ಮಾಡಿ ಬಂದವನಾದ್ದರಿಂದ ಹಿಂದಿ ಬಲ್ಲವನು. ನನ್ನ ಹಿಂದಿ ಪುಸ್ತಕದ್ದು. ಮಗು ನನ್ನನ್ನು ಕಂಡೊಡನೆ ಓಡಿದ್ದು ನಿಜ, ಆದರೆ ಓಡಿದ್ದು ಕೊಟ್ಟಿಗೆಗೆ. ಎಮ್ಮೆಯ ಹಿಂದೆ ನಿಂತು, ನನ್ನ ಮೀಸೆಯನ್ನು ನೋಡಿ ಅತ್ತಿತು. ಹಣೆ, ಗಲ್ಲ ಎಲ್ಲ ತಮ್ಮನದೇ. ರಕ್ತದ ಮಾತನ್ನು ನಾನು ನಂಬುವವನಲ್ಲ. ಆದರೂ ತಮ್ಮನ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ತೋರಿಸಿದೆ. ಮಗು ಫೋಟೋ ಬಿಟ್ಟು ಎಮ್ಮೆಯ ಬಾಲ ಹಿಡಿದುಕೊಂಡಿತು. ಬಿಸ್ಕತ್ತನ್ನು ದೂರದಿಂದಲೇ ಇಸಿದುಕೊಂಡು ತಿಂದಿತು, ಹತ್ತಿರ ಮಾತ್ರ ಬರಲಿಲ್ಲ. ದಿನಗಳು ಕಳೆದವು. ಸಂಜೆಯಾದರೆ ಅಜ್ಜಿ ಮಗುವಿನ ತಲೆ ಬಾಚುತ್ತಾ ನಮ್ಮತ್ತ ನೋಡುತ್ತಿದ್ದಳು.

"ಇನ್ ಸುಮ್ನಿದ್ರೆ ಬರಿಗೈಲಿ ಓಗದೇಯ," ಎಂದು ಹೆಂಡತಿ ಒಂದು ಬೆಳಿಗ್ಗೆ ಅಲ್ಲಿಯದೇ ಮೊರ ಕೇಳಿ ತೆಗೆದುಕೊಂಡು, ತೌಡು ತುಂಬಿ, ಅಜ್ಜಿಯ ಮುಂದಿಟ್ಟಳು. "ಯಾಕೆ ಅಂತ ಏಳಿ ಅವರ್ಗೆ."

ನಂಬದ ಮಾತನ್ನು ಪುಸ್ತಕದ ಹಿಂದಿಯಲ್ಲಿ ವಿವರಿಸಲು ನನಗೆ ನಾಲಿಗೆ ಏಳಲಿಲ್ಲ. ಇದು ನಮ್ಮ ಊರಿನಿಂದ ತಂದ ತೌಡು, ನಿಮಗೆ, ಎಂದಷ್ಟೇ ಹೇಳಿ ಮುಗಿಸಿದೆ. ಪಕ್ಕದ ಮನೆಯವನು ಅದನ್ನೇ ತಲುಪಿಸಿದ. ಅಜ್ಜಿ ತೌಡನ್ನು ಮೂಸಿದಳು. ಇಷ್ಟು ದೂರದಿಂದ ಯಾರಾದರೂ ತೌಡು ಹೊತ್ತು ತರುವುದು ಯಾತಕ್ಕೆ? ಅವಳಿಗೆ ಒಂದೇ ಕಾರಣ ಹೊಳೆಯಿತು. ಮುಖ ಅರಳಿಸಿಕೊಂಡು ಎದ್ದು, ಮೊರದೊಂದಿಗೆ ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ಹಿಡಿದಳು.

ಎಮ್ಮೆ ಮೂಗು ಇಟ್ಟು ಫೂ ಎಂದಿತು. ತೌಡೆಲ್ಲ ಹಾರಿ, ಕೊಟ್ಟಿಗೆಯಲ್ಲೇ ನಿಂತಿದ್ದ ಮಗುವಿನ ಕೂದಲ ಮೇಲೆ ಕೂತಿತು.

"ಅಯ್ಯೋ, ಒಣ ತೌಡು ಇಡೀಬಾರ್ದು ಕಣಜ್ಜಿ, ಮೂಗಿಗೆ ಓಯ್ತದೆ," ಎನ್ನುತ್ತಾ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. ಶಾಸ್ತ್ರ ಮರೆತೇಹೋಯಿತು. ಹಸು ಕಟ್ಟಿ ಡೈರಿಗೆ ಹಾಲು ಹಾಕುವವಳು ಅವಳು. ಎಮ್ಮೆಯ ಬಾನಿಗೆ ಚೀಲದ ತೌಡು ಸುರಿದು, ಅಕ್ಕಿ ತೊಳೆದ ನೀರು, ಚಿಟಿಕೆ ಉಪ್ಪು ಬೆರೆಸಿ ಕಲಸತೊಡಗಿದಳು. "ಬಾ ನನ್ನವ್ವ, ಕುಡಿ ನನ್ ತಾಯಿ, ಇಂಗೆಲ್ಲ ಬಿಂಕ ಮಾಡ್ಬಾರ್ದು," ಎಂದು ಎಮ್ಮೆಯನ್ನು ಕನ್ನಡದಲ್ಲಿ ರಮಿಸಿದಳು. ಎಮ್ಮೆ ಕುಡಿಯಿತು. ಮಗು ಅವಳ ಬಾಯನ್ನೇ ನೋಡುತ್ತಾ ಹತ್ತಿರ ಬಂತು. ಬಾನಿಯಲ್ಲಿ ತೌಡಿನ ಗಂಟುಗಳು ಉಳಿದಿದ್ದವು. ಮಗು ಮೆಲ್ಲಗೆ ಕೈ ಇಳಿಸಿ ಅವಳ ಕೈ ಪಕ್ಕದಲ್ಲಿ ಒಂದು ಗಂಟನ್ನು ಒಡೆಯಿತು. ಹೆಂಡತಿ ತಲೆಯೆತ್ತಲಿಲ್ಲ. ಇನ್ನೊಂದು ಗಂಟನ್ನು ಅದರ ಬೆರಳಿನ ಕಡೆಗೆ ತಳ್ಳಿದಳಷ್ಟೆ.

ಮರುದಿನ ಮಗು ನಮಗಿಂತ ಮೊದಲೇ ಬಾನಿಯ ಹತ್ತಿರ ಕೂತಿತ್ತು. ಚೀಲ ಖಾಲಿಯಾಗುವ ಹೊತ್ತಿಗೆ ಹೆಂಡತಿಯ ಸೆರಗು ಹಿಡಿದು ಓಡಾಡುತ್ತಿತ್ತು. ನನ್ನ ಮೀಸೆಯನ್ನು ಒಮ್ಮೆ ಮುಟ್ಟಿಯೂ ನೋಡಿತು. ಅದರ ಕೈಗೆ ತೌಡು ಮೆತ್ತಿತ್ತು.

ಹೊರಡುವ ದಿನ ಅಜ್ಜಿ ಮಗುವಿನ ತಲೆ ಬಾಚಿ, ಬೆನ್ನ ಮೇಲೆ ಕೈಯಿಟ್ಟು ನಮ್ಮತ್ತ ಬಿಟ್ಟಳು. ಮಗು ಬಂದು ಹೆಂಡತಿಯ ಬೆರಳು ಹಿಡಿಯಿತು. ಆಮೇಲೆ ಅಜ್ಜಿ ನಮ್ಮ ಚೀಲವನ್ನು ತಂದುಕೊಟ್ಟಳು. ಅದು ತುಂಬಿತ್ತು: ಅವಳ ಮನೆಯ ತೌಡು. ತಂದವರ ಚೀಲವನ್ನು ಬರಿದಾಗಿ ಹಿಂದಿರುಗಿಸಬಾರದಂತೆ, ಎಂದು ಪಕ್ಕದ ಮನೆಯವನು ಹೇಳಿದ. ನಮ್ಮ ಕಡೆಯೂ ಹಾಗೆಯೇ. ಹೆಂಡತಿ ಅವಳ ಕಾಲು ಮುಟ್ಟಿದಳು. ಇಬ್ಬರೂ ಬಹಳ ಹೊತ್ತು ಏನೋ ಮಾತಾಡಿಕೊಂಡರು, ಇವಳು ಕನ್ನಡದಲ್ಲಿ, ಅವಳು ನೇಪಾಳಿಯಲ್ಲಿ. ದುಭಾಷಿಯನ್ನು ಯಾರೂ ಕರೆಯಲಿಲ್ಲ.

ಅಕ್ಕಿಹೆಬ್ಬಾಳಿನ ನಮ್ಮ ಮನೆ ಬಾಗಿಲಲ್ಲಿ ಅಕ್ಕ ಆರತಿ ಹಿಡಿದು ಕಾದಿದ್ದಳು. ಚೀಲ ಕಂಡು ಆರತಿ ಅಲ್ಲೇ ನಿಂತಿತು.

"ತೌಡು ವಾಪಸ್ ತಂದ್ಬುಟ್ಟಾ?"

"ಅದಲ್ಲ ಅಕ್ಕ, ಇದು ಅಜ್ಜಿ ಮನೆ ತೌಡು."

"ಕೊಟ್ಟಷ್ಟು ಇಸ್ಕೊಂಡು ಬಂದ್ರೆ ಕೊಂಡಂಗೆ ಆಯ್ತೇನ್ಲಾ?"

"ಕೊಂಡಿಲ್ಲ. ಆಯಮ್ಮ ಕೊಟ್ರು."

ಅಕ್ಕ ಎಂದೂ ಸೋತವಳಲ್ಲ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಲಿನಿಂದ ನಮ್ಮ ಹಸು ಕೂಗಿತು. ಮಗು ಹೆಂಡತಿಯ ಬೆರಳು ಬಿಟ್ಟು, ಆ ಚೀಲದ ಒಂದು ಮೂಲೆ ಹಿಡಿದು, ಇನ್ನೊಂದು ಮೂಲೆ ಹಿಡಿ ಎಂಬಂತೆ ನನ್ನನ್ನು ನೋಡಿತು. ಆರತಿ ಮುಗಿಯುವುದಕ್ಕೆ ಮೊದಲೇ ನಾವಿಬ್ಬರೂ ಕೊಟ್ಟಿಗೆಯ ಕಡೆ ನಡೆದೆವು.