ಗ್ವಾಡಲೂಪಿನ ಪಕ್ಕದ ದ್ವೀಪ

ಸತ್ತವರು ಬಂದು ಮಾತನಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬಿದ್ದೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ಯೋಚಿಸಿ.

ಐವತ್ತರ ದಶಕದಲ್ಲಿ ನಾನು ಕೃಷ್ಣರಾಜನಗರದ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಚಿಕ್ಕಂದಿನಲ್ಲಿ ನನ್ನೂರು ಮಿರ್ಲೆಯಲ್ಲಿ ನನಗೆ ಪಾಠ ಹೇಳಿದ್ದ, ರಾವಂದೂರಿನ ನಂಜುಂಡಪ್ಪ ಮೇಷ್ಟ್ರೂ ಅಲ್ಲೇ ಇದ್ದರು. ಅಚ್ಚಿನ ನಕ್ಷೆ ತರಿಸಲು ನಮ್ಮ ಶಾಲೆಗೆ ಗತಿಯಿರಲಿಲ್ಲ. ಅವರು ತಮ್ಮ ಹಳೆಯ ಪಂಚೆಗೆ ಗಂಜಿ ಹಾಕಿ ಒಣಗಿಸಿ, ಅದರ ಮೇಲೆ ವೆಸ್ಟ್ ಇಂಡೀಸ್ ದ್ವೀಪಗಳನ್ನೆಲ್ಲ ಬರೆದರು. ಇಂಗ್ಲಿಷರದಕ್ಕೆ ಕೆಂಪು, ಫ್ರೆಂಚರದಕ್ಕೆ ಹಸಿರು, ಡಚ್ಚರದಕ್ಕೆ ಹಳದಿ. ಚಿಟ್ಟೆಯ ಆಕಾರದ ಗ್ವಾಡಲೂಪ್ ಅವರಿಗೆ ಅಚ್ಚುಮೆಚ್ಚು. ಒಂದು ರೆಕ್ಕೆಯಲ್ಲಿ ಬೆಂಕಿ ಕಾರುವ ಬೆಟ್ಟ, ಇನ್ನೊಂದರಲ್ಲಿ ಕಬ್ಬಿನ ಬಯಲು. ಹುಣಸೂರು ಮೈಸೂರು ಜಿಲ್ಲೆಗೆ ಸೇರಿದೆಯಲ್ಲ, ಹಾಗೆ ಸಮುದ್ರದಾಚೆಯ ಆ ದ್ವೀಪ ಫ್ರಾನ್ಸಿಗೇ ಸೇರಿದ ಒಂದು ಜಿಲ್ಲೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಬಣ್ಣ ಉದುರೀತೆಂದು ಕೋಲನ್ನು ಬಟ್ಟೆಗೆ ತಾಗಿಸದೆ, ಒಂದು ಬೆರಳು ದೂರದಲ್ಲೇ ಹಿಡಿದು ತೋರಿಸುವುದು ಅವರ ರೂಢಿ.

ನಕ್ಷೆಯ ಮೂಲೆಯಲ್ಲಿದ್ದ ಅವರ ಹೆಸರನ್ನು ನಮ್ಮ ಹೆಡ್ಮಾಸ್ಟರು ಬ್ಲೇಡಿನಿಂದ ಕೆರೆದು ತಮ್ಮ ಹೆಸರು ಬರೆದುಕೊಂಡರು. ತನಿಖೆಗೆ ಬಂದ ಇನ್‌ಸ್ಪೆಕ್ಟರು ಹೆಡ್ಮಾಸ್ಟರನ್ನು ಬಾಯ್ತುಂಬ ಹೊಗಳಿ ಹೋದರು. ಮೇಷ್ಟ್ರು ಎಂದಿನಂತೆ ಪಾಠಕ್ಕೆ ಹೋದರು. ಆ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡರು. ಈ ಹೆಡ್ಮಾಸ್ಟರ ಮಾನವನ್ನು ಎಲ್ಲರೆದುರು ಕಳೆಯದಿದ್ದರೆ ನಾನು ಮೇಷ್ಟ್ರ ಶಿಷ್ಯನೇ ಅಲ್ಲ ಎಂದುಕೊಂಡೆ.

ಮರುವರ್ಷ ತನಿಖೆಯ ಹಿಂದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ ನಕ್ಷೆಯಿದ್ದ ಕೋಣೆಯ ಅಗುಳಿ ಹಾಕಿಕೊಂಡೆ. ಗ್ವಾಡಲೂಪಿನ ಪಶ್ಚಿಮಕ್ಕೆ, ಬರಿಯ ನೀರಿರುವಲ್ಲಿ, ಹಸಿರು ಬಣ್ಣದ ಒಂದು ದ್ವೀಪ ಬರೆದು ಬಾಯಿಗೆ ಬಂದ ಹೆಸರಿಟ್ಟೆ. ಹೆಡ್ಮಾಸ್ಟರಿಗೆ ಭೂಗೋಳ ಗೊತ್ತಿರಲಿಲ್ಲ, ಇನ್‌ಸ್ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಇನ್‌ಸ್ಪೆಕ್ಟರು ನಕ್ಷೆಯ ಮುಂದೆ ನಿಂತು, ಇದು ಯಾವ ದ್ವೀಪ, ನೀವೇ ಬರೆದದ್ದಲ್ಲವೇ ಎಂದು ಹೆಡ್ಮಾಸ್ಟರನ್ನು ಕೇಳಿದರು. ಹೆಡ್ಮಾಸ್ಟರು ಬೆವರುವುದನ್ನು ಕಣ್ತುಂಬ ನೋಡಬೇಕೆಂದು ನಾನು ಹತ್ತಿರ ಹೋಗಿ ನಿಂತೆ.

ಹೆಡ್ಮಾಸ್ಟರು ಕೋಲು ತೆಗೆದುಕೊಂಡರು. ಯಾವಾಗಲೂ ಬಟ್ಟೆಯ ಮೇಲೆ ಬಡಿಯುತ್ತಿದ್ದ ಕೋಲು ಅಂದು ಒಂದು ಬೆರಳು ದೂರದಲ್ಲೇ ನಿಂತಿತು. ಅವರು ಮೈಸೂರು ಪಟ್ಟಣದವರು, ಪುಸ್ತಕದ ಕನ್ನಡವೇ ಅವರ ಮಾತು.

"ಈ ನಕ್ಷೆ ಬರ್ದೋನು ರಾವಂದೂರು ನಂಜುಂಡಪ್ಪ ಕಣ್ರೀ," ಎಂದರು. "ಮೂಲೇಲಿ ಎಸ್ರು ಕೆರ್ದವ್ರೆ, ನೋಡಿ."

ಆಮೇಲೆ ನನ್ನ ಕಡೆ ತಿರುಗಿದರು. "ಅವ್ನು ನನ್ನ ಎಸ್ರು ಕೆರ್ದ, ಬುಡು. ನೀನ್ಯಾಕ್ಲಾ ಮಿರ್ಲೆ ಐದ, ನನ್ನ ಸಮುದ್ರ ಕೆಡಿಸ್ದೆ?"

ಅದು ಮೇಷ್ಟ್ರ ಹಳ್ಳಿಮಾತು, ಅವರು ನನ್ನನ್ನು ಮಿರ್ಲೆ ಹೈದ ಎಂದು ಕರೆಯುತ್ತಿದ್ದದ್ದು ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಈ ಶಾಲೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹೆಡ್ಮಾಸ್ಟರು ಮುಖ ಒರೆಸಿಕೊಂಡು, ಏನೂ ಆಗದವರಂತೆ ತಮ್ಮದೇ ದನಿಯಲ್ಲಿ, ಇದೊಂದು ಪ್ರಮುಖವಾದ ಫ್ರೆಂಚ್ ದ್ವೀಪ ಸ್ವಾಮಿ, ಎಂದು ವಿವರಿಸಲು ಶುರುಮಾಡಿದರು. ಇನ್‌ಸ್ಪೆಕ್ಟರು ಮೂಲೆಯಲ್ಲಿ ಕೆರೆದ ಗುರುತನ್ನು ಬಗ್ಗಿ ನೋಡಿದರು.

ತಿಂಗಳೊಳಗೆ ಹೆಡ್ಮಾಸ್ಟರಿಗೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ವರ್ಗವಾಯಿತು. ತಾನು ಅಂದು ಏನಂದೆನೆಂದು ಹೊರಡುವಾಗಲೂ ಅವರು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ನಾನು ಬಯಸಿದ್ದೆಲ್ಲ ಆಗಿತ್ತು, ಆದರೆ ಮೇಷ್ಟ್ರ ಆ ಬೈಗುಳ ಕಿವಿ ಬಿಟ್ಟು ಹೋಗಲಿಲ್ಲ. ನಾನು ದ್ವೀಪ ಬರೆಯುವುದನ್ನು ಹೆಡ್ಮಾಸ್ಟರು ಕಿಟಕಿಯಲ್ಲಿ ನೋಡಿ ನಾಟಕವಾಡಿದರೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನನ್ನು ಬಯ್ಯಲು ತಮ್ಮ ಮಾನವನ್ನೇ ಕಳೆದುಕೊಳ್ಳುವವರು ಉಂಟೇ?

ಹರಿದ ಆ ನಕ್ಷೆ ಈಗ ನನ್ನ ಬಳಿ ಇದೆ. ಆ ದ್ವೀಪವನ್ನು ನಾನೇ ಬ್ಲೇಡಿನಿಂದ ಕೆರೆದೆ, ಹೆಡ್ಮಾಸ್ಟರು ಹೆಸರನ್ನು ಕೆರೆದ ಹಾಗೆಯೇ. ಬಟ್ಟೆ ತೂತಾಯಿತು. ಮೇಷ್ಟ್ರು ಅಂದು ಸೇಡು ತೀರಿಸಿಕೊಳ್ಳಲು ಬಂದದ್ದು ಹೆಡ್ಮಾಸ್ಟರ ಮೇಲೋ, ನನ್ನ ಮೇಲೋ, ನನಗೆ ಇಂದಿಗೂ ಗೊತ್ತಿಲ್ಲ.