ಆರು ಬಾಯಿಯ ಚಾರ್ಜರ್, ಅತ್ತೆಯ ಎರಡು ಕಿವಿ

ಹೋದ ವಾರ ನಮ್ಮ ಮನೆ ಮುಂದೆ ಒಂದು ಕ್ರೂಸರ್ ಬಂದು ನಿಂತಿತು. ಒಬ್ಬೊಬ್ಬರಾಗಿ ಇಳಿದರು: ಭಾತಂಬ್ರಾದ ಮಾವಶಿ (ನಮ್ಮ ಅತ್ತೆಯ ಸ್ವಂತ ತಂಗಿ), ಅವರ ಮಗ, ಸೊಸೆ, ಮೊಮ್ಮಕ್ಕಳು, ಜೊತೆಗೆ ನಾನು ಎಂದೂ ನೋಡದ ಒಬ್ಬ ಅಜ್ಜ. ನಾನು ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದೆ.

"ಹೋಳಿಗಿ ಆಗ್ಯಾವೇನ್ ಸುಮಾ?" ಎಂದರು ಮಾವಶಿ, ಚಪ್ಪಲಿ ಬಿಡುತ್ತಾ.

ಯಾವ ಹೋಳಿಗೆ? ಒಳಗಿದ್ದದ್ದು ಬೆಳಗಿನ ಪುಂಡಿಪಲ್ಯ ಮತ್ತು ತಣ್ಣಗಾದ ರೊಟ್ಟಿ.

"ಮುಂಜಾನಿ ಫೋನ್ ಮಾಡಿ ಕೇಳೀನಲ್ಲ! ಎಲ್ಲಾರೂ ಬರ್ತೀವಿ ಅಂದೆ, ಅಕ್ಕ ಹೂಂ ಅಂದಳು. ಹೋಳಿಗಿ ಮಾಡಸ್ತೀ ಏನ್ ಅಂದೆ, ಅದಕ್ಕೂ ಹೂಂ ಅಂದಳು."

ಅಕ್ಕ, ಅಂದರೆ ನಮ್ಮ ಅತ್ತೆ, ದಿವಾನದ ಮೇಲೆ ಕೂತು ಎಲ್ಲರನ್ನೂ ನೋಡಿ ನಗುತ್ತಿದ್ದರು. ಎರಡೂ ಕಿವಿಯಲ್ಲಿ ಮಿಷನ್ ಇತ್ತು. ಮಿಷನ್‌ನಲ್ಲಿ ಚಾರ್ಜ್ ಇರಲಿಲ್ಲ.

ಆ ಕಿವಿ ಮಿಷನ್‌ಗಳನ್ನು ರಾತ್ರಿ ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಚಾರ್ಜಿಗೆ ಹಾಕಬೇಕು. ಹಿಂದಿನ ಸಂಜೆ ನಮ್ಮವರ ಗೆಳೆಯರೊಬ್ಬರು ಬಂದಿದ್ದರು. ಬೀದರಿನ ರಿವಾಜು ನಿಮಗೆ ಗೊತ್ತೇ ಇದೆ. ಮೊದಲು ಬಂದವರಿಗೆ ನೀರು ಕೊಡುತ್ತಿದ್ದೆವು. ಈಗ ನೀರಿನ ಜೊತೆ "ಚಾರ್ಜಿಂಗ್ ಹಚ್ಚಲೇನ್ರಿ?" ಅಂತಲೂ ಕೇಳುತ್ತೇವೆ. ನಮ್ಮ ಮನೆಯಿಂದ ಒಬ್ಬರು ಸತ್ತ ಫೋನ್ ಹಿಡಿದು ಹೋದರೆ ಮರ್ಯಾದೆ ಏನಾಗಬೇಕು? ಆದರೆ ಹಾಲ್‌ನಲ್ಲಿ ಇರುವುದು ಒಂದೇ ಪ್ಲಗ್ ಬೋರ್ಡ್. ಯಾರದ್ದೋ ಒಂದನ್ನು ಕೀಳಲೇಬೇಕು. ಅವತ್ತು ಅತ್ತೆ ತಮ್ಮ ಡಬ್ಬಿಯನ್ನೇ ತಾವೇ ಕಿತ್ತು ಅತಿಥಿಗೆ ಜಾಗ ಬಿಟ್ಟಿದ್ದರು! ಮರಳಿ ಹಚ್ಚುವುದನ್ನು ಎಲ್ಲರೂ ಮರೆತಿದ್ದೆವು.

ಹೋಳಿಗೆ ಆಯಿತು ಬಿಡಿ. ಬೇಳೆ ಬೇಯಲೊಲ್ಲೆ ಅಂತ ಹಟ ಮಾಡಿದರೂ ಆಯಿತು. ನಿಜವಾದ ಪಂಚಾಯ್ತಿ ಮರುದಿನ ಶುರುವಾಯಿತು. ಬೆಳಿಗ್ಗೆ ಮಾವಶಿಯ ಫೋನ್ ಬಂದಾಗ ಅತ್ತೆ ಅದನ್ನು ನನ್ನ ಕಡೆ ಚಾಚಿದರು.

"ನೀನೇ ಮಾತಾಡವ್ವ. ನಾ ಏನರೆ ಹೂಂ ಅಂದ್ ಗಿಂದೇನು."

ಆಮೇಲೂ ಅದೇ. ಮಿಷನ್ ಬಂದ ಮೇಲೆ ಅಕ್ಕತಂಗಿಯರಿಗೆ ಮರಳಿ ಸಿಕ್ಕಿದ್ದ ಬೆಳಗಿನ ಹರಟೆ ಅದು. ಅರ್ಧ ಕನ್ನಡ, ಅರ್ಧ ಮರಾಠಿ, ಪೂರ್ತಿ ಚಾಡಿ! ಅದು ನಿಂತೇ ಹೋಗುತ್ತದಾ ಅಂತ ನನಗೆ ಸಂಕಟವಾಯಿತು. "ಇವತ್ತೇ ಚಾರ್ಜರ್ ತರೋದು, ಎಲ್ಲರದ್ದೂ ಒಂದೇ ಸಲ ಹಚ್ಚೋವಂಥದ್ದು!" ಎಂದು ಘೋಷಿಸಿದೆ.

ಮನೆಯಲ್ಲಿ ಎದ್ದ ಸಡಗರ ನೀವು ನೋಡಬೇಕಿತ್ತು. ನಮ್ಮ ಕಡೆ ಮದುವೆ ಬಟ್ಟೆ ಖರೀದಿಗೆ ಬಸ್ತಾ ಅಂತಾರೆ. ಬಸ್ತಾಕ್ಕೆ ಮನೆಮಂದಿಯೆಲ್ಲ ಅಂಗಡಿಗೆ ಹೋಗಬೇಕು, ಕೊನೆಗೆ ಹಿರಿಯರು ಹೂಂ ಅನ್ನಬೇಕು, ಆಮೇಲೇ ಗಂಟು ಕಟ್ಟುವುದು. ನಾವು ಚಾರ್ಜರಿನ ಬಸ್ತಾಕ್ಕೆ ಹೊರಟೆವು! ಟ್ರಯಲ್ ನೋಡದೆ ತರಬಾರದು ಅಂತ ನನ್ನ ಲ್ಯಾಪ್‌ಟಾಪ್, ಮಗಳು ಪಲ್ಲವಿಯ ಟ್ಯಾಬ್, ನಮ್ಮವರ ಫೋನು, ಪವರ್ ಬ್ಯಾಂಕು (ಅವರು ದಿನಾ ಔರಾದ್ ಬಸ್ಸಿಗೆ ಹೋಗಿಬರುವವರು) ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿದೆ. ಅತ್ತೆಯ ಕಿವಿಯಿಂದ ಮಿಷನ್ ತೆಗೆದು ಡಬ್ಬಿ ಸಮೇತ ಅದೇ ಚೀಲಕ್ಕೆ ಹಾಕಿದೆ.

ಅಂಗಡಿಯ ಸಲೀಂ ಭಾಯಿ ಬಾಕ್ಸುಗಳನ್ನು ಸೀರೆ ಹರವಿದಂತೆ ಹರವಿದರು. ಅದೆಷ್ಟು ಥರ! ಕರಿದು, ಬಿಳಿದು, ವ್ಯಾಟ್ ತೋರಿಸುವ ಪುಟ್ಟ ಪರದೆ ಇರುವುದು. ಲ್ಯಾಪ್‌ಟಾಪಿಗೆ ದೊಡ್ಡ ವ್ಯಾಟ್ ಬೇಕೆಂದು ನಾನು, ಫಾಸ್ಟ್ ಚಾರ್ಜಿಂಗ್ ಬೇಕೆಂದು ಪಲ್ಲವಿ, ಬಿಸಿಯಾಗಬಾರದೆಂದು ನಮ್ಮವರು. ಕೊನೆಗೆ ಒಂದು ಕಣ್ಣಿಗೆ ಬಿತ್ತು. ಅಂಗೈಯಗಲ, ಆರು ಬಾಯಿ, ಎಲ್ಲವೂ ಹೊಸ ಸಿ-ಟೈಪ್. ಲ್ಯಾಪ್‌ಟಾಪ್ ಹಚ್ಚಿದೆವು, ಹತ್ತಿತು. ಟ್ಯಾಬ್ ಹಚ್ಚಿದೆವು, ಹತ್ತಿತು. ಪಲ್ಲವಿ ಅಲ್ಲೇ ಅದಕ್ಕೆ ಷಣ್ಮುಖ ಅಂತ ಹೆಸರಿಟ್ಟಳು.

"ಫಿಕರ್ ನಕ್ಕೋ ಭಾಬಿ, ಮನಿಮಂದಿಗೆಲ್ಲಾ ಸಾಕಾಗ್ತದ," ಎಂದರು ಸಲೀಂ ಭಾಯಿ.

ಬಸ್ತಾದ ಕೊನೆಯ ಶಾಸ್ತ್ರ ಬಾಕಿ ಇತ್ತು. ಎಲ್ಲರೂ ಅತ್ತೆಯ ಕಡೆ ತಿರುಗಿದೆವು. "ಇದೇ ತಗೊಳ್ಳೋಣೇನ್ರಿ ಅತ್ತಿ?"

ಅತ್ತೆ ನಕ್ಕು ಹೂಂ ಅಂದರು.

ಹಿರಿಯರ ಒಪ್ಪಿಗೆ ಸಿಕ್ಕ ಮೇಲೆ ಇನ್ನೇನು? ಗಂಟು ಕಟ್ಟಿಸಿದೆವು. ಮನೆಗೆ ಬಂದು ಷಣ್ಮುಖನಿಗೆ ಕುಂಕುಮ ಹಚ್ಚಿ, ಸಕ್ಕರೆ ಹಂಚಿ, ಸ್ವಿಚ್ ಒತ್ತಿದೆವು. ಲ್ಯಾಪ್‌ಟಾಪ್, ಟ್ಯಾಬ್, ಫೋನು, ಪವರ್ ಬ್ಯಾಂಕು, ಒಂದರ ಹಿಂದೆ ಒಂದು ಬೆಳಗಿದವು. ನಾನು ಚಪ್ಪಾಳೆ ತಟ್ಟಿದೆ (ಹೌದು, ಈ ವಯಸ್ಸಿನಲ್ಲಿ). ಕೊನೆಗೆ ಹೊಸ ಕೇಬಲ್‌ನಿಂದ ಅತ್ತೆಯ ಡಬ್ಬಿ ಹಚ್ಚಿದೆವು.

ದೀಪ ಬರಲಿಲ್ಲ.

ಬೇರೆ ಬಾಯಿಗೆ ಹಚ್ಚಿದೆವು. ಇಲ್ಲ. ಕೇಬಲ್ ತಿರುಗಿಸಿದೆವು. ಇಲ್ಲ. ಪಲ್ಲವಿ ಡಬ್ಬಿಯ ಹಳೆಯ ಕೇಬಲನ್ನು ಹಳೆಯ ಚಾರ್ಜರಿಗೆ ಚುಚ್ಚಿದಳು. ತಕ್ಷಣ ಹಸಿರು ದೀಪ! ಕೆಲವು ಸಣ್ಣ ಸಾಮಾನುಗಳ ಹಣೆಬರಹವೇ ಹಾಗಂತೆ. ಹಳೆಯ ಅಗಲ ಬಾಯಿಯ ಪೋರ್ಟಿನಿಂದ ಬಂದ ಕರೆಂಟನ್ನಷ್ಟೇ ಕುಡಿಯುತ್ತವೆ. ಷಣ್ಮುಖನಿಗೆ ಆ ಬಾಯಿ ಒಂದೂ ಇರಲಿಲ್ಲ.

ಅಂಗಡಿಯಲ್ಲಿ ಎಲ್ಲವನ್ನೂ ಟ್ರಯಲ್ ನೋಡಿದ್ದೆವು, ಯಾರಿಗಾಗಿ ಹೋಗಿದ್ದೆವೋ ಅವರದ್ದೊಂದನ್ನು ಬಿಟ್ಟು. ಅವರನ್ನು ಕೇಳಿರಲಿಲ್ಲವಾ? ಕೇಳಿದ್ದೆವು. ಅವರ ಕಿವಿ ಚೀಲದೊಳಗಿದ್ದಾಗ ಕೇಳಿದ್ದೆವು! ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಡಬ್ಬಿ ಹಳೆಯ ಚಾರ್ಜರಿನಲ್ಲೇ ತುಂಬಿತು. ಮರುದಿನ ಅತ್ತೆ ಮಿಷನ್ ಹಾಕಿಕೊಂಡೇ ಅಂಗಡಿಗೆ ಬಂದರು. ಕುಂಕುಮ ಒರೆಸಿದ ಷಣ್ಮುಖನನ್ನು ಸಲೀಂ ಭಾಯಿ ನಗುತ್ತಲೇ ವಾಪಸ್ ತಗೊಂಡರು. ನಾನು ಮತ್ತೆ ವ್ಯಾಟಿನ ಪುರಾಣ ತೆಗೆಯುವಷ್ಟರಲ್ಲಿ ಅತ್ತೆ ತಮ್ಮ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟರು.

"ಮೊದಲ ಇದು ಹಚ್ಚಿ ತೋರಸ್ರಿ. ಉಳಿದದ್ದು ಆಮ್ಯಾಲ."

ನಾಲ್ಕು ಸಿ-ಟೈಪ್, ಎರಡು ಅಗಲ ಬಾಯಿ ಇರುವ ಇನ್ನೊಂದು ಬಂತು. ಡಬ್ಬಿಯ ದೀಪ ಹತ್ತಿತು, ಅತ್ತೆ ಅದನ್ನೇ ಆರಿಸಿದರು.

"ಅಗಲ ಬಾಯಿ ಎರಡು ಯಾಕ್ರಿ ಅತ್ತಿ? ನಿಮಗ ಒಂದು ಸಾಕಲ್ಲ?"

"ಒಂದು ನಂದು. ಇನ್ನೊಂದು ಬಂದ ಮಂದಿದು. ಇನ್ಮ್ಯಾಗ ನಂದು ನಾ ಕೀಳಂಗಿಲ್ಲ ನೋಡು."

ಮೊನ್ನೆ ಬೆಳಿಗ್ಗೆ ಫೋನ್ ರಿಂಗಾಯಿತು. ನಾನು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಅತ್ತೆ ಎತ್ತಿಯೇ ಬಿಟ್ಟಿದ್ದರು. ಆ ಕಡೆಯಿಂದ ಮಾವಶಿ ಏನೋ ಕೇಳಿದರು.

"ಉಹುಂ, ಈ ವಾರ ಬ್ಯಾಡ. ಸುಮಾಗ ಕೆಲಸ ಭಾಳ ಅದ. ಬರೋ ಮಂದಿ ಹೋಳಿಗಿ ಮಾಡ್ಕೊಂಡೇ ಬರ್ರಿ!"

ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಅಂದಿನಿಂದ ಅತ್ತೆ ಟೀವಿ ಸೀರಿಯಲ್ಲಿಗೆ ಉಹುಂ, ನನ್ನ ಸಾರಿಗೆ ಉಹುಂ, ತಮ್ಮ ಮಗನ ಹೊಸ ಅಂಗಿಗೆ ಉಹುಂ. ಯಾಕೆ ಹೀಗೆ ಎಂದು ಕೇಳಿದರೆ, "ಮಿಷನ್ ಬಂದ್ ಇದ್ದಾಗ ಮಾತ್ರ ನನ್ನ ಕೇಳ್ತಿದ್ರಿ, ಈಗ ಚಾಲೂ ಇದ್ದಾಗೂ ಕೇಳ್ರಿ," ಅಂತಾರೆ.

ನಿಮ್ಮ ಮನೆಯಲ್ಲೂ ಎಲ್ಲದಕ್ಕೂ ಹೂಂ ಅನ್ನುವವರು ಒಬ್ಬರು ಇರುತ್ತಾರಲ್ಲ, ಅವರ ಚಾರ್ಜ್ ಎಷ್ಟಿದೆ ಅಂತ ಎಂದಾದರೂ ನೋಡಿದ್ದೀರಾ?