ಬಿದ್ದಳು ಅಂದ ಮಾತು

ಆ ಕ್ಷೌರಿಕನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಚಿಕ್ಕ ಮಕ್ಕಳು. ಬೇರೆ ಅಂಗಡಿಗಳಲ್ಲಿ ಬೀದಿಗೆಲ್ಲ ಕೇಳುವಂತೆ ಅರಚುವ ಮಗು ಕೂಡ ಇವನ ಕುರ್ಚಿಯ ಮೇಲೆ ಅಡ್ಡ ಇಟ್ಟ ಹಲಗೆಯಲ್ಲಿ ಸುಮ್ಮನೆ ಕೂರುತ್ತಿತ್ತು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಕತ್ತರಿಯನ್ನು ಮೊದಲು ಗಾಳಿಯಲ್ಲಿ ಆಡಿಸಿ ಸದ್ದು ಕೇಳಿಸುತ್ತಿದ್ದ; ಮಗು ತಲೆ ಅಲ್ಲಾಡಿಸಿದರೆ ಕೈ ತೆಗೆದು ಕಾಯುತ್ತಿದ್ದ. ತಾಯಂದಿರು ಅವನಿಗೆ ‘ಮೆದುಗೈ’ ಎಂದು ಹೆಸರಿಟ್ಟಿದ್ದರು. ಹೆಸರು ಅವನ ಕಿವಿಗೂ ಬಿದ್ದಿತ್ತು. ಕೇಳಿಸದವನಂತೆ ಇರುತ್ತಿದ್ದ, ಆದರೆ ಒಳಗೊಳಗೇ ಖುಷಿಪಡುತ್ತಿದ್ದ.

ಮೂರು ವರ್ಷದ ಅವನ ಮಗಳು ಮಾತ್ರ ಅವನಿಗೆ ಬಗ್ಗುತ್ತಿರಲಿಲ್ಲ. ಅಂಗಡಿಗೆ ರಜೆ ಇದ್ದ ಒಂದು ದಿನ ಅವಳಿಗೆ ಚಪ್ಪಲಿ ಕೊಡಿಸಲು ಕರೆದುಕೊಂಡು ಹೋದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬಿಸ್ಕತ್ತಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವಳಿಗೆ ಕೆಲಸ. ಮಗಳು ಮೂರು ಅಂಗಡಿಗಳಲ್ಲಿ ಹಠ ಹಿಡಿದಳು. ಕೊನೆಗೂ ಒಪ್ಪಿದ ಚಪ್ಪಲಿಯನ್ನು ದಾರಿಯಲ್ಲಿ ಕಿತ್ತೆಸೆದು ಪಾದಚಾರಿ ರಸ್ತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಹೋಗುವವರು ಬರುವವರು ಇಬ್ಬರನ್ನೂ ಸುತ್ತುಬಳಸಿ ನಡೆದರು. ಮುದುಕರೊಬ್ಬರು, “ಹಸಿವಾಗಿರ್ಬೇಕು ಮಗೂಗೆ” ಎಂದು ಹೇಳಿ ಹೋದರು.

ಆ ಮಾತಿಗೆ ಅವನ ಮುಖ ಬಿಸಿಯಾಯಿತು. “ಏಳೇ ಸಾಕು” ಎಂದು ಅವಳ ಮಣಿಕಟ್ಟು ಹಿಡಿದು ಒಂದೇ ಸಲಕ್ಕೆ ಜಗ್ಗಿದ.

ಅವಳು ಎದ್ದಳು. ಅತ್ತಳು. ಅಳು ಹಠದ್ದು ಎಂದುಕೊಂಡು ಸ್ವಲ್ಪ ದೂರ ನಡೆದ. ಆಮೇಲೆ ನೋಡಿದರೆ ಎಡಗೈ ಪಕ್ಕಕ್ಕೆ ಜೋತುಬಿದ್ದಿದೆ, ಮುಟ್ಟಲು ಹೋದರೆ ಬಿಡುವುದಿಲ್ಲ. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ತುರ್ತು ವಿಭಾಗದ ಕೌಂಟರಿನಲ್ಲಿದ್ದವಳು ತಲೆಯೆತ್ತದೆ ಕೇಳಿದಳು, “ಏನಾಯ್ತು?”

“ಬಿದ್ದಳು” ಎಂದ.

ಮೊದಲೇ ಯೋಚಿಸಿ ಆಡಿದ ಮಾತಲ್ಲ ಅದು. ಬಾಯಿಗೆ ಅದೇ ಬಂತು. ಬಂದ ಮೇಲೆ ಅದಕ್ಕೆ ಕೈಕಾಲು ಜೋಡಿಸಬೇಕಾಯಿತು. ಒಳಗೆ ನರ್ಸ್ ಎಲ್ಲಿ ಬಿದ್ದಳು ಎಂದು ಕೇಳಿದಾಗ ಮೆಟ್ಟಿಲಲ್ಲಿ ಎಂದ. ಎಷ್ಟನೇ ಮೆಟ್ಟಿಲು ಎಂದಾಗ ಕೆಳಗಿನದು ಎಂದ. ನರ್ಸ್ ನಡುವಯಸ್ಸಿನ ಹೆಂಗಸು. ದನಿಯಲ್ಲಿ ಒರಟುತನವಿರಲಿಲ್ಲ, ಅಕ್ಕರೆಯೂ ಇರಲಿಲ್ಲ. ಮಗುವಿನ ಲಂಗ ಸ್ವಲ್ಪ ಮೇಲೆತ್ತಿ ಮೊಣಕಾಲಿನ ಕೆಳಗಿದ್ದ ಹಳೆಯ ಕಂದುಗಟ್ಟಿದ ಕಲೆಯನ್ನು ನೋಡಿದಳು.

“ಇದು?”

“ಮೂರು ಚಕ್ರದ ಸೈಕಲ್ ತಾಗಿದ್ದು, ಸಿಸ್ಟರ್.”

ಅದು ನಿಜ. ಆದರೆ ಈಗ ನಿಜವೂ ಅವನ ಬಾಯಿಂದ ಸುಳ್ಳಿನ ಹಾಗೇ ಬಂತು. ಅದು ಅವನಿಗೇ ಗೊತ್ತಾಯಿತು.

ವೈದ್ಯೆ ಬಂದಳು. ಇನ್ನೂ ಚಿಕ್ಕ ವಯಸ್ಸು. ಮಗುವಿನ ಅಂಗೈಗಳನ್ನು ತಿರುಗಿಸಿ ನೋಡಿದಳು, ಮಂಡಿ ನೋಡಿದಳು. ಎಲ್ಲೂ ತರಚಿರಲಿಲ್ಲ.

“ಬೀಳುವಾಗ ನೀವು ನೋಡಿದ್ರಾ?”

“ಪಕ್ಕದಲ್ಲೇ ಇದ್ದೆ.”

“ಪುಟ್ಟಿ, ಏನಾಯ್ತು ಹೇಳು, ಎಲ್ಲಿ ಬಿದ್ದೆ?”

ಮಗು ಬಿಕ್ಕುತ್ತ ತಂದೆಯ ಕಡೆ ನೋಡಿತು. “ಬಿದ್ದಿಲ್ಲ” ಎಂದಿತು. “ಅಪ್ಪ ಜಗ್ಗಿದ್ರು.”

ನರ್ಸ್ ಮತ್ತು ವೈದ್ಯೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೇ ಚೆನ್ನಾಗಿತ್ತು ಎಂದು ಅವನು ಆಮೇಲೆ ಹೆಂಡತಿಯ ಹತ್ತಿರ ಹೇಳಿದ. ವೈದ್ಯೆ, “ನೀವು ಸ್ವಲ್ಪ ಹೊರಗಿರಿ” ಎಂದಳು.

ಹೊರಗಿನ ಬೆಂಚಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಮತ್ತು ಹಸುಗೂಸು ಎತ್ತಿಕೊಂಡ ಒಬ್ಬಳು ಕೂತಿದ್ದರು. ಅವರಿಗೆ ಇವನ ಸುದ್ದಿ ಏನೂ ಗೊತ್ತಿರಲಿಲ್ಲ. ಆದರೂ ಅವರ ಪಕ್ಕ ಕೂರಲು ಅವನಿಗೆ ಮನಸ್ಸಾಗಲಿಲ್ಲ. ಮನೆಗೆ ಹೋದರೆ ಎಲ್ಲ ಮರೆತುಹೋಗುವ ಸಣ್ಣ ವಿಷಯ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ, ಅಡ್ಡ ಬಂದ ಬಸ್ಸಿನಿಂದ ಕಾಪಾಡಲು ಎಳೆದೆ ಎಂದು ಹೇಳಿದರೆ ಹೇಗೆ ಎಂದು ಯೋಚಿಸಿದ. ಆ ದಾರಿಯಲ್ಲಿ ಬಸ್ಸು ಓಡಾಡುವುದೇ ಇಲ್ಲ. ಮತ್ತೊಂದು ಸುಳ್ಳು ಕಟ್ಟುತ್ತಿದ್ದೇನೆ ಎಂದು ತಿಳಿದಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಬಾಗಿಲು ತಟ್ಟಿದ.

“ಮೇಡಂ, ನಾನೇ ಎಳೆದಿದ್ದು. ರಸ್ತೆಯಲ್ಲಿ ಕೂತಿದ್ದಳು. ಸಿಟ್ಟು ಬಂತು. ಮಣಿಕಟ್ಟು ಹಿಡಿದು ಜಗ್ಗಿದೆ.”

“ಮೊದಲೇ ಹೇಳಿದ್ದಿದ್ರೆ ಮಗು ಇಷ್ಟು ಹೊತ್ತು ನೋವು ತಿನ್ನೋದು ತಪ್ತಿತ್ತು” ಎಂದಳು ವೈದ್ಯೆ. ಒಂದು ಕೈಯಲ್ಲಿ ಮಗುವಿನ ಮೊಣಕೈ ಹಿಡಿದು, ಇನ್ನೊಂದರಲ್ಲಿ ಅಂಗೈ ಮೇಲಾಗುವಂತೆ ತಿರುಗಿಸಿ, ಮೆಲ್ಲಗೆ ಮಡಚಿದಳು. ಏನೋ ಸಣ್ಣಗೆ ಟಕ್ ಎಂದಿತು. ಮಗು ಒಮ್ಮೆ ಕಿರುಚಿ ನಿಲ್ಲಿಸಿತು. ಸ್ವಲ್ಪ ಹೊತ್ತಿನಲ್ಲೇ ಅದೇ ಕೈ ಚಾಚಿ ವೈದ್ಯೆಯ ಜೇಬಿನ ಟಾರ್ಚನ್ನು ಕಿತ್ತುಕೊಳ್ಳಲು ನೋಡಿತು.

“ಈ ವಯಸ್ಸಲ್ಲಿ ಮೊಣಕೈ ಮೂಳೆ ಜಾರೋದು ಮಾಮೂಲು. ಆಟಕ್ಕೆ ಎಳೆದ್ರೂ ಜಾರುತ್ತೆ. ಮಣಿಕಟ್ಟು ಹಿಡಿದು ಎತ್ತಬೇಡಿ. ಕಂಕುಳಲ್ಲಿ ಕೈ ಹಾಕಿ ಎತ್ತಿ.”

ಅಲ್ಲಿಗೆ ಮುಗಿಯಿತು ಎಂದುಕೊಂಡ. ಮುಗಿಯಲಿಲ್ಲ. ತಾಯಿ ಬಂದ ಮೇಲೆ ಮಗುವನ್ನು ಕಳಿಸುತ್ತೇವೆ ಎಂದರು. ಹೆಂಡತಿ ತಲೆಗೆ ಹಾಕಿದ್ದ ಕಾರ್ಖಾನೆಯ ಟೊಪ್ಪಿ ತೆಗೆಯುವುದನ್ನೂ ಮರೆತು ಓಡಿಬಂದಳು. ನರ್ಸ್ ಅವಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದಳು.

ಮನೆಗೆ ಹೋದ ಮೇಲೆ ಹೆಂಡತಿ ಮಗುವನ್ನು ಮಲಗಿಸಿ ಬಂದು ಹೇಳಿದಳು, “ಜಗ್ಗಿದ್ದಕ್ಕೆ ನಾನೇನೂ ಅನ್ನಲ್ಲ. ನಾನೂ ಎಷ್ಟು ಸಲ ಜಗ್ಗಿದೀನಿ. ಸುಳ್ಳು ಯಾಕೆ ಹೇಳಿದ್ರಿ?”

“ನಾಚಿಕೆ ಆಯ್ತು.”

“ನಿಮ್ಮ ನಾಚಿಕೆಗೆ ನನ್ನನ್ನ ಕೂರಿಸಿ ಕೇಳಿದ್ರು ರೀ, ಗಂಡ ಹೊಡೀತಾನಾ ಅಂತ. ಮೊದಲು ನಗು ಬಂತು. ನಗಬಾರದು ಅಂತ ಆಮೇಲೆ ಗೊತ್ತಾಯ್ತು.”

ಆಸ್ಪತ್ರೆಯವರು ಹಾಗೆ ಕೇಳಿದ್ದು ತಪ್ಪು ಎಂದು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಕೆಲವು ತಿಂಗಳು ಅವನು ಆಸ್ಪತ್ರೆಯ ಬೀದಿ ತಪ್ಪಿಸಿ ಅಂಗಡಿಗೆ ಹೋಗುತ್ತಿದ್ದ. ಯಾರಾದರೂ ತಾಯಿ ಮಗುವನ್ನು ಹಲಗೆಯ ಮೇಲೆ ಕೂರಿಸಿ, “ನಿಮ್ಮ ಹತ್ರ ಆದ್ರೆ ಭಯ ಇಲ್ಲಪ್ಪ” ಎಂದರೆ ಮೊದಲಿನಂತೆ ಖುಷಿಯಾಗುತ್ತಿರಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವನ ತಾಯಿ ಮೊಮ್ಮಗಳಿಗೆ ಸ್ವೆಟರ್ ತೊಡಿಸುತ್ತಿದ್ದಳು. ತೋಳು ಸಿಕ್ಕಿಕೊಂಡಿತು. ಅಜ್ಜಿ ಸ್ವಲ್ಪ ಎಳೆದಳು. ಮತ್ತೆ ಅದೇ ಕೈ, ಅದೇ ಅಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಅಜ್ಜಿ ಹಿಂದೆ ಹಿಂದೆ ಬಂದಳು. “ಮಂಚದಿಂದ ಬಿದ್ದಳು ಅನ್ನೋಣ ಕಣೋ. ಈ ವಯಸ್ಸಲ್ಲಿ ನನ್ನನ್ನ ಅವರ ಮುಂದೆ ನಿಲ್ಲಿಸ್ಬೇಡ.”

“ಸುಮ್ನಿರಮ್ಮ.”

ಕೌಂಟರಿನಲ್ಲಿ ಅದೇ ಹುಡುಗಿ. ಕೇಳುವ ಮೊದಲೇ ಅವನು ಹೇಳಿದ, “ಸ್ವೆಟರ್ ಹಾಕುವಾಗ ಅಜ್ಜಿ ತೋಳು ಎಳೆದ್ರು. ಹೋದ ಸಲ ನಾನು ಎಳೆದು ಕೈ ಜಾರಿತ್ತು. ಆಗ ಬಿದ್ದಳು ಅಂತ ಸುಳ್ಳು ಹೇಳಿದ್ದೆ.”

ಹುಡುಗಿ ಈ ಸಲ ತಲೆಯೆತ್ತಿ ನೋಡಿದಳು.

ನಿಜ ಹೇಳಿದ್ದಕ್ಕೆ ರಿಯಾಯಿತಿಯೇನೂ ಸಿಗಲಿಲ್ಲ. ಅದೇ ನರ್ಸ್ ಅವೇ ಪ್ರಶ್ನೆಗಳನ್ನು ಕೇಳಿದಳು. ಎರಡನೇ ಸಲವಾದ್ದರಿಂದ ಒಂದಿಷ್ಟು ಹೆಚ್ಚೇ ಕೇಳಿದಳು. ಅಜ್ಜಿಯನ್ನು ಕೇಳಿದಾಗ ಅವಳು, “ನಾನು ಐದು ಜನರನ್ನ ಹೆತ್ತು ಸಾಕಿದೀನಮ್ಮ, ಒಬ್ಬರ ಕೈಯೂ ಕಳಚಿಲ್ಲ” ಎಂದು ಮುಖ ಗಂಟಿಕ್ಕಿದಳು. ನರ್ಸ್ ತುಟಿ ಬಿಗಿಹಿಡಿದು ನಗು ತಡೆದಳು. ಅಷ್ಟು ಹೊತ್ತಿಗೆ ವೈದ್ಯೆ ಬಂದು ಕೈ ಸರಿಮಾಡಿ, ಒಮ್ಮೆ ಜಾರಿದ್ದು ಮತ್ತೆ ಜಾರಬಹುದು, ಐದು ವರ್ಷ ತುಂಬಿದರೆ ತಾನಾಗೇ ಬಿಗಿಯಾಗುತ್ತದೆ ಎಂದಳು.

ಹೊರಡುವಾಗ ಅವನು ನರ್ಸನ್ನು ಕೇಳಿದ, “ಮತ್ತೆ ಬಂದ್ರೆ ಮತ್ತೆ ಇದನ್ನೆಲ್ಲ ಕೇಳ್ತೀರಾ, ಸಿಸ್ಟರ್?”

“ಕೇಳ್ತೀನಿ” ಎಂದಳು ಅವಳು. “ಎಲ್ಲರನ್ನೂ ಕೇಳ್ತೀನಿ. ಕೆಲವರು ಮಾತ್ರ ಉತ್ತರ ಹೇಳ್ತಾರೆ.”

ಮಗಳ ಕೈ ಆಮೇಲೆ ಜಾರಲಿಲ್ಲ. ಅಜ್ಜಿ ಒಂದು ವಾರ ಮಗನೊಡನೆ ಮಾತು ಬಿಟ್ಟಿದ್ದಳು. ಎಂಟನೇ ದಿನ ಸ್ನಾನದ ಮನೆಯಿಂದಲೇ ಕೂಗಿದಳು, “ಬಾರೋ, ಈ ಹುಡುಗಿಗೆ ಅಂಗಿ ನೀನೇ ಹಾಕು. ನಂಗೆ ಈ ಉಸಾಬರಿ ಬೇಡ.”